ಪೋಪ್ ಏನು ಬೇಕಾದರೂ ಮಾಡಬಹುದಿತ್ತಾ?

ಓದುಗರ ಪ್ರಶ್ನೆ: ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಮಧ್ಯಯುಗದ ಪೋಪ್‌ಗೆ ‘ಪ್ಲೆನಿಟೂಡೊ ಪೊಟೆಸ್ಟಾಟಿಸ್’, ಅಂದರೆ ಅಧಿಕಾರದ ಪೂರ್ಣತೆ ಇತ್ತು ಎಂದು ಪಾಠದಲ್ಲಿ ಬರುತ್ತದೆ. ಹಾಗಂದರೆ ಪೋಪ್ ಏನು ಬೇಕಾದರೂ ಮಾಡಬಹುದಿತ್ತಾ? ಹಾಗಿದ್ದರೆ 1303ರಲ್ಲಿ ಫ್ರಾನ್ಸಿನ ರಾಜನ ಕಡೆಯವರು ಪೋಪ್‌ನನ್ನೇ ಹಿಡಿದು ಹೊಡೆದದ್ದು ಹೇಗೆ? ಈ ಅಧಿಕಾರ ಈಗಲೂ ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಚರ್ಚ್ ತಾನೇ ಮಾಡಿಕೊಂಡ ನಿಯಮಗಳ ಮಟ್ಟಿಗೆ ಹೌದು, 13ನೇ ಶತಮಾನದ ಹೊತ್ತಿಗೆ ಪೋಪ್ ಹೆಚ್ಚುಕಮ್ಮಿ ಏನು ಬೇಕಾದರೂ ಮಾಡಬಹುದಿತ್ತು. ರಾಜರ ಮೇಲೆ ಇಲ್ಲ. ಅಲ್ಲೂ ಹಕ್ಕಿದೆ ಅಂತ ಹೇಳಿಕೊಂಡರು, ಕೆಲವು ಸಲ ನಡೆಯಿತು, ಬಹಳ ಸಲ ನಡೆಯಲಿಲ್ಲ. ಪಠ್ಯಪುಸ್ತಕಗಳು ಈ ಎರಡನ್ನೂ ಕಲಸಿಬಿಡುತ್ತವೆ, ಅದಕ್ಕೇ ನಿಮಗೆ 1303ರ ಘಟನೆ ಒಗಟಿನ ಹಾಗೆ ಕಾಣುತ್ತಿದೆ. ಇನ್ನೊಂದು ಮಾತು. ಈ ಅಧಿಕಾರ ಬೆಳೆದದ್ದು ಪೋಪ್‌ಗಳ ಆಸೆಯಿಂದ ಅಂತಲೇ ಸಾಮಾನ್ಯವಾಗಿ ಬರೆಯುತ್ತಾರೆ. ಆಸೆ ಇರಲಿಲ್ಲ ಅಂತಲ್ಲ. ಆದರೆ ನನ್ನ ಪ್ರಕಾರ ಅದನ್ನು ಬೆಳೆಸಿದವರು ಮುಖ್ಯವಾಗಿ ರೋಮ್‌ಗೆ ಅರ್ಜಿ ಹಿಡಿದುಕೊಂಡು ಹೋದ ಸಾವಿರಾರು ಜನ. ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಮಾತು ಹುಟ್ಟಿದ್ದು ಒಂದು ಬೈಗುಳದ ಪತ್ರದಲ್ಲಿ. 5ನೇ ಶತಮಾನದ ನಡುವೆ ಪೋಪ್ ಆಗಿದ್ದವನು 1ನೇ ಲಿಯೊ. ಗ್ರೀಸಿನ ಥೆಸಲೊನಿಕಾದ ಬಿಷಪ್ ಅನಸ್ತಾಸಿಯಸ್‌ನನ್ನು ಆ ಭಾಗಕ್ಕೆ ತನ್ನ ಪ್ರತಿನಿಧಿಯಾಗಿ ನೇಮಿಸಿದ್ದ. ಈ ಅನಸ್ತಾಸಿಯಸ್‌ಗೆ ಅಧಿಕಾರ ತಲೆಗೇರಿತು. ಅಟಿಕಸ್ ಅನ್ನುವ ಇನ್ನೊಬ್ಬ ಹಿರಿಯ ಬಿಷಪ್ ಸಭೆಗೆ ಬರಲು ತಡ ಮಾಡಿದ ಅಂತ ಸರ್ಕಾರಿ ಅಧಿಕಾರಿಗಳನ್ನು ಕಳಿಸಿ, ಚರ್ಚ್ ಒಳಗಿಂದಲೇ ಎಳೆಸಿ, ಕಡು ಚಳಿಗಾಲದಲ್ಲಿ ಹಿಮದ ದಾರಿಯಲ್ಲಿ ನಡೆಸಿಕೊಂಡು ಬಂದ. ಜೊತೆಗಿದ್ದವರಲ್ಲಿ ಕೆಲವರು ದಾರಿಯಲ್ಲೇ ಸತ್ತರು. ದೂರು ರೋಮ್‌ಗೆ ಹೋಯಿತು. ಲಿಯೊ ಬರೆದ ಉತ್ತರದ ಸಾರ ಇಷ್ಟೇ: ನಿನ್ನನ್ನು ಕರೆದದ್ದು ನಮ್ಮ ಹೊಣೆಯ ಒಂದು ಪಾಲಿಗೆ, ಅಧಿಕಾರದ ಪೂರ್ಣತೆಗಲ್ಲ. ಪ್ರಭಾರದಲ್ಲಿರುವ ಅಧಿಕಾರಿ ಕಾಯಂ ಸಾಹೇಬರ ಹಾಗೆ ಮೆರೆದರೆ ಮೇಲಿನವರು ನೋಟಿಸ್ ಕೊಡುತ್ತಾರಲ್ಲ, ಆ ಧಾಟಿ.

ಗಮನಿಸಿ, ಇಲ್ಲಿ ಲಿಯೊ ಜಗತ್ತಿನ ಎಲ್ಲ ಬಿಷಪ್‌ಗಳ ಬಗ್ಗೆ ಏನೂ ಹೇಳುತ್ತಿಲ್ಲ. ಒಬ್ಬ ಪ್ರತಿನಿಧಿಗೆ ನಿನ್ನ ಗೆರೆ ಇಲ್ಲಿಗೆ ಮುಗಿಯಿತು ಅನ್ನುತ್ತಿದ್ದಾನೆ, ಅದೂ ಒಬ್ಬ ಸ್ಥಳೀಯ ಬಿಷಪ್‌ನನ್ನು ಕಾಪಾಡಲಿಕ್ಕಾಗಿ. ಆದರೂ ಬಿಷಪ್‌ಗಳ ಮೇಲಿನ ಪೋಪ್‌ನ ಅಧಿಕಾರಕ್ಕೆ ಮುಂದಿನ ಸಾವಿರ ವರ್ಷ ಆಧಾರವಾಗಿ ತೋರಿಸಿದ್ದು ಈ ಸಾಲನ್ನೇ. ಹೇಗೆ?

ನಡುವೆ ಒಂದು ದೊಡ್ಡ ನಕಲಿ ಬಂತು. 9ನೇ ಶತಮಾನದ ಮಧ್ಯಭಾಗದಲ್ಲಿ ಉತ್ತರ ಫ್ರಾನ್ಸ್ ಕಡೆ ಯಾರೋ ಪಾದ್ರಿಗಳು ಸೇರಿಕೊಂಡು ಹಳೆಯ ಪೋಪ್‌ಗಳ ಹೆಸರಿನಲ್ಲಿ ರಾಶಿ ರಾಶಿ ಪತ್ರ ಸೃಷ್ಟಿಸಿದರು. ಇದನ್ನು ‘ಸ್ಯೂಡೊ-ಇಸಿಡೋರ್’ ಸಂಗ್ರಹ ಅನ್ನುತ್ತಾರೆ. ಲಿಯೊ ಆಡಿದ ಮಾತನ್ನು ಬೇರೆ ಪೋಪ್‌ಗಳ ಬಾಯಿಗೂ ಹಾಕಿದರು. ಹಾಗೆ ಹಾಕುವಾಗ ಅರ್ಥ ಹಿಗ್ಗಿತು: ಎಲ್ಲ ಚರ್ಚ್‌ಗಳಿಗೂ ಇರುವುದು ಹೊಣೆಯ ಪಾಲು, ರೋಮ್‌ಗೆ ಮಾತ್ರ ಪೂರ್ಣತೆ. ತಮಾಷೆ ಅಂದರೆ ಇದನ್ನು ಮಾಡಿದವರು ರೋಮ್‌ನವರಲ್ಲ. ಫ್ರಾನ್ಸಿನ ಬಿಷಪ್‌ಗಳಿಗೆ ತಮ್ಮ ತಲೆ ಮೇಲೆ ಕೂತ ಆರ್ಚ್‌ಬಿಷಪ್‌ಗಳ ಕಾಟ, ರಾಜರ ಕಾಟ. ಅವರ ಕೈಯಿಂದ ತಪ್ಪಿಸಿಕೊಳ್ಳಲು ದೂರದಲ್ಲೊಂದು ಮೇಲ್ಮನವಿ ಕೋರ್ಟ್ ಬೇಕಿತ್ತು. ದೂರದಲ್ಲಿರುವ ಪೋಪ್ ಎಷ್ಟು ದೊಡ್ಡವನಾದರೆ ಪಕ್ಕದ ಊರಿನ ಆರ್ಚ್‌ಬಿಷಪ್ ಅಷ್ಟು ಚಿಕ್ಕವನಾಗುತ್ತಾನೆ, ಅಲ್ವಾ? ಇದು ನಕಲಿ ಅಂತ ಪೂರ್ತಿ ಸಾಬೀತಾಗಿದ್ದು 1628ರಲ್ಲಿ, ಡೇವಿಡ್ ಬ್ಲಾಂಡೆಲ್ ಅನ್ನುವ ಪ್ರೊಟೆಸ್ಟೆಂಟ್ ವಿದ್ವಾಂಸನಿಂದ. ಅಷ್ಟರಲ್ಲಿ ಬಹಳ ತಡವಾಗಿತ್ತು. ಸುಮಾರು 1140ರಲ್ಲಿ ಬೊಲೊನ್ಯಾದಲ್ಲಿ ಗ್ರೇಷಿಯನ್ ಚರ್ಚ್ ಕಾನೂನನ್ನೆಲ್ಲ ಒಂದೇ ಗ್ರಂಥವಾಗಿ ಜೋಡಿಸಿದಾಗ ಅಸಲಿ ಪತ್ರ, ನಕಲಿ ಪತ್ರ ಎರಡೂ ಅದರೊಳಗೆ ಸೇರಿದವು. ಮುಂದೆ ಚರ್ಚ್ ಕಾನೂನು ಓದಿದ ಪ್ರತಿ ವಿದ್ಯಾರ್ಥಿಯೂ ಅದನ್ನೇ ಓದಿದ.

ಅದಾಗಿ ಸ್ವಲ್ಪ ದಿನಕ್ಕೆ ಕ್ಲೇರ್ವೊ ಮಠದ ಬರ್ನಾರ್ಡ್ ತನ್ನ ಹಳೆಯ ಶಿಷ್ಯನಿಗೆ ಒಂದು ಪುಸ್ತಕ ಬರೆದ. ಆ ಶಿಷ್ಯ ಆಗ 3ನೇ ಯುಜೀನಿಯಸ್ ಎಂಬ ಹೆಸರಿನಲ್ಲಿ ಪೋಪ್ ಆಗಿದ್ದ. ಬೇರೆಯವರನ್ನು ಹೊಣೆಯ ಪಾಲಿಗೆ ಕರೆದಿದ್ದಾರೆ, ನಿನ್ನನ್ನು ಅಧಿಕಾರದ ಪೂರ್ಣತೆಗೆ ಕರೆದಿದ್ದಾರೆ ಎಂದು ಅದರಲ್ಲಿ ಬಾಯ್ತುಂಬ ಹೇಳಿದ. ಪೋಪ್ ಪರ ಬರೆದವರೆಲ್ಲ ಈ ಸಾಲನ್ನು ಎತ್ತಿಕೊಂಡರು. ಅದೇ ಪುಸ್ತಕದಲ್ಲಿ ಬರ್ನಾರ್ಡ್ ಇನ್ನೂ ಏನೇನು ಬರೆದ ಅನ್ನುವುದನ್ನು ಮಾತ್ರ ಜಾಣತನದಿಂದ ಬಿಟ್ಟರು. ನಿನ್ನ ಅರಮನೆಯಲ್ಲಿ ದಿನವಿಡೀ ಕೋರ್ಟ್ ಗಲಾಟೆ, ವಕೀಲರ ಕೂಗಾಟ, ಪ್ರಾರ್ಥನೆಗೆ ಹೊತ್ತೆಲ್ಲಿ ಅಂತ ಅವನು ಬೈಯುತ್ತಾನೆ. ರೇಷ್ಮೆ ಉಟ್ಟು ಬಿಳಿ ಕುದುರೆ ಏರಿ ಹೋಗುವಾಗ ನೀನು ಪೇತ್ರನ ವಾರಸುದಾರನ ಹಾಗೆ ಕಾಣುವುದಿಲ್ಲ, ಕಾನ್‌ಸ್ಟಂಟೈನ್ ಚಕ್ರವರ್ತಿಯ ವಾರಸುದಾರನ ಹಾಗೆ ಕಾಣುತ್ತೀಯ ಅನ್ನುತ್ತಾನೆ. (ಪೇತ್ರ ಯೇಸುವಿನ ಶಿಷ್ಯ, ಪೋಪ್‌ಗಳು ಅವನ ವಾರಸುದಾರರು ಅನ್ನುವುದು ಚರ್ಚ್‌ನ ನಂಬಿಕೆ.) ಪೂರ್ಣ ಅಧಿಕಾರ ಇರುವುದು ನಿಜ, ಅದನ್ನು ಸಣ್ಣಪುಟ್ಟದಕ್ಕೆಲ್ಲ ಎತ್ತಬೇಡ ಅನ್ನುವುದು ಅವನ ವಾದ. ನನಗೆ ಈ ಪುಸ್ತಕ ಇಷ್ಟ. ಒಬ್ಬ ಗುರು ಶಿಷ್ಯನನ್ನು ಹೊಗಳುತ್ತಲೇ ಕಿವಿ ಹಿಂಡುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನು 3ನೇ ಇನ್ನೊಸೆಂಟ್. 1198ರಲ್ಲಿ ಪೋಪ್ ಆದಾಗ ಇನ್ನೂ 40 ತುಂಬಿರಲಿಲ್ಲ. 1216ರವರೆಗೆ ಆಳಿದ. ಪೂರ್ಣಾಧಿಕಾರದ ಮಾತು ಪೋಪ್ ಕಚೇರಿಯ ದಿನನಿತ್ಯದ ಭಾಷೆಯಾದದ್ದು ಇವನ ಕಾಲದಲ್ಲಿ. ಪೇತ್ರನನ್ನು ಬೈಬಲ್‌ನಲ್ಲಿ ಕೇಫಾ ಎಂದೂ ಕರೆದಿದೆಯಲ್ಲ, ಅದನ್ನು ಅವನು ತಲೆ ಅಂತ ಓದಿಕೊಂಡ. ನೋಡುವುದು, ಕೇಳುವುದು, ಮೂಸುವುದು, ಎಲ್ಲ ಇಂದ್ರಿಯಗಳೂ ಒಟ್ಟಿಗೆ ಇರುವುದು ತಲೆಯಲ್ಲಿ, ಉಳಿದ ಅಂಗಗಳಿಗೆ ಒಂದೊಂದು ಪಾಲು ಮಾತ್ರ, ಹಾಗೇ ಚರ್ಚ್‌ನಲ್ಲಿ ಕೂಡ ಅಂದ. ಇಲ್ಲಿ ಕಾನೂನಿನ ಮಾತು ಧರ್ಮದ ಮಾತಿಗೆ ಹೆಣೆದುಕೊಳ್ಳುತ್ತದೆ. ಆ ಕಾಲದ ಪಾದ್ರಿಗೆ ‘ಪೂರ್ಣತೆ’ ಕಚೇರಿಯ ಪದ ಮಾತ್ರ ಆಗಿರಲಿಲ್ಲ. ಕಾಲದ ಪೂರ್ಣತೆಯಲ್ಲಿ ದೇವರು ಮಗನನ್ನು ಕಳಿಸಿದ ಅಂತ ಪೌಲನ ಪತ್ರ ಹೇಳುತ್ತದೆ. ಕ್ರಿಸ್ತನಲ್ಲಿ ದೈವತ್ವದ ಪೂರ್ಣತೆ ನೆಲೆಸಿದೆ, ಅವನ ಪೂರ್ಣತೆಯಿಂದಲೇ ನಮಗೆಲ್ಲ ಸಿಕ್ಕಿದ್ದು ಅಂತ ಬೇರೆ ಸಾಲುಗಳಿವೆ. ಯೇಸುವಿನ ತಾಯಿ ಮರಿಯಮ್ಮನನ್ನು ದೇವದೂತ ಕರೆಯುವುದೇ ಕೃಪೆ ತುಂಬಿದವಳೇ ಎಂದು. ದಿನಾ ಜಪದಲ್ಲಿ, ಪೂಜೆಯಲ್ಲಿ ಕೇಳುವ ಈ ಪದವನ್ನೇ ಪೋಪ್‌ಗೆ ಹಚ್ಚಿದಾಗ ಅದಕ್ಕೆ ಬರುವ ತೂಕ ಬೇರೆಯೇ. ಮೇಲಿಂದ ತುಂಬಿ ಕೆಳಗೆ ಹರಿಯುವುದು ಅನ್ನುವ ಚಿತ್ರ ಜನರ ಮನಸ್ಸಿನಲ್ಲಿ ಮೊದಲೇ ಇತ್ತು.

ಅದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದ್ದು ಪ್ಯಾಲಿಯಮ್ ಎಂಬ ಒಂದು ಪಟ್ಟಿ. ಬಿಳಿ ಕುರಿಯ ಉಣ್ಣೆಯಲ್ಲಿ ನೇಯ್ದದ್ದು, ಕಪ್ಪು ಶಿಲುಬೆ ಗುರುತಿರುತ್ತದೆ, ಹೆಗಲ ಮೇಲೆ ಸುತ್ತಿಕೊಳ್ಳುತ್ತಾರೆ. ಆರ್ಚ್‌ಬಿಷಪ್ ಆದವನು ಅದನ್ನು ಪೋಪ್‌ನಿಂದ ಪಡೆಯಬೇಕು, ಪಡೆಯುವವರೆಗೆ ಅವನ ಅಧಿಕಾರ ಅರ್ಧಂಬರ್ಧ. ಇನ್ನೊಸೆಂಟ್ ಒಂದು ನಿಯಮ ಹೇಳಿದ. ಪೋಪ್ ಪೂಜೆ ಮಾಡುವಾಗ ಇದನ್ನು ಯಾವಾಗಲೂ ಎಲ್ಲಿ ಬೇಕಾದರೂ ಧರಿಸಬಹುದು, ಯಾಕೆಂದರೆ ಅವನಿಗೆ ಪೂರ್ಣಾಧಿಕಾರ ಇದೆ. ಉಳಿದವರು ಗೊತ್ತು ಮಾಡಿದ ಹಬ್ಬಗಳಂದು, ತಮ್ಮ ಸೀಮೆಯ ಒಳಗೆ ಮಾತ್ರ, ಯಾಕೆಂದರೆ ಅವರದು ಹೊಣೆಯ ಪಾಲು. ಲಿಯೊನ ಬೈಗುಳ 750 ವರ್ಷ ಕಳೆದು ಡ್ರೆಸ್ ಕೋಡ್ ಆಯಿತು! ಪ್ಯಾಲಿಯಮ್ ಇಂದಿಗೂ ಇದೆ. 1953ರಲ್ಲಿ ಬೆಂಗಳೂರು ಆರ್ಚ್‌ಡಯಾಸಿಸ್, ಅಂದರೆ ಆರ್ಚ್‌ಬಿಷಪ್‌ರ ಸೀಮೆ ಆಯಿತು, ಅಲ್ಲಿನ ಆರ್ಚ್‌ಬಿಷಪ್‌ರೂ ಅದನ್ನು ರೋಮ್‌ನಿಂದಲೇ ಪಡೆಯುತ್ತಾರೆ.

ಸರಿ, ಈ ಅಧಿಕಾರದಿಂದ ದಿನನಿತ್ಯ ಆಗುತ್ತಿದ್ದದ್ದೇನು? ಸಿನಿಮಾದಲ್ಲಿ ತೋರಿಸುವ ಹಾಗೆ ರಾಜರನ್ನು ಸಿಂಹಾಸನದಿಂದ ಇಳಿಸುವುದೇ ಕೆಲಸ ಅಂದುಕೊಳ್ಳಬೇಡಿ. ಹೆಚ್ಚಿನದೆಲ್ಲ ಕಾಗದ ಪತ್ರದ ಕೆಲಸ. ಮದುವೆಯಾಗದ ತಾಯಿಗೆ ಹುಟ್ಟಿದವನು ಪಾದ್ರಿಯಾಗುವಂತಿಲ್ಲ, ವಿನಾಯಿತಿ ಕೊಡಿ. ದೂರದ ಸೋದರ ಸಂಬಂಧದಲ್ಲಿ ಮದುವೆ ಆಗಬೇಕು, ಅಡ್ಡಿ ತೆಗೆಯಿರಿ. ನಮ್ಮ ಮಠದ ವಿಷಯದಲ್ಲಿ ಊರಿನ ಬಿಷಪ್ ತಲೆ ಹಾಕದ ಹಾಗೆ ಮಾಡಿ. ಕೆಳಗಿನ ಕೋರ್ಟ್‌ನಲ್ಲಿ ಸೋತಿದ್ದೇನೆ, ನೀವೇ ಕೇಳಿ. ಇಂಥವು ಸಾವಿರಗಟ್ಟಲೆ. ಪ್ರತಿಯೊಂದಕ್ಕೂ ಕಾನೂನಿಗಿಂತ ಮೇಲೆ ನಿಂತು ಹೂಂ ಅನ್ನುವ ಒಬ್ಬರು ಬೇಕು. 1198ರಲ್ಲೇ ಇನ್ನೊಸೆಂಟ್ ಒಂದು ತೀರ್ಪಿನಲ್ಲಿ ಹೇಳಿದ: ಪೂರ್ಣಾಧಿಕಾರದ ಬಲದಿಂದ, ಕಾನೂನಿನ ಪ್ರಕಾರವೇ, ನಾವು ಕಾನೂನಿನ ಮೇಲೆ ವಿನಾಯಿತಿ ಕೊಡಬಹುದು. ಇದನ್ನು ಕೇಳಿ ಬಂದವರಲ್ಲಿ ಯಾರೂ ಇದು ಸರ್ವಾಧಿಕಾರ ಅಂತ ದೂರಲಿಲ್ಲ. ಅವರಿಗೆ ಬೇಕಾಗಿದ್ದೇ ಅದು. ತಮ್ಮ ಎದುರಾಳಿಯೂ ಅದೇ ಕಚೇರಿಯಿಂದ ಅಂಥದ್ದೇ ಕಾಗದ ತಂದಾಗ ಮಾತ್ರ ಸಿಟ್ಟು ಬರುತ್ತಿತ್ತು.

ಹಾಗಾದರೆ ಗೆರೆ ಎಲ್ಲಿತ್ತು? ಚರ್ಚ್ ಕಾನೂನಿನ ಪಂಡಿತರು ಇದನ್ನು ಬಹಳ ಜಗಿದಿದ್ದಾರೆ. ದೇವರ ಆಜ್ಞೆಯನ್ನು ಪೋಪ್ ಬದಲಿಸುವಂತಿಲ್ಲ. ನಂಬಿಕೆಯ ಮೂಲ ಸೂತ್ರಗಳನ್ನು ಮುಟ್ಟುವಂತಿಲ್ಲ. ಒಟ್ಟು ಚರ್ಚ್‌ನ ಸ್ಥಿತಿಗೆ ಧಕ್ಕೆ ತರುವಂತಿಲ್ಲ. ಉಪವಾಸದ ನಿಯಮ, ನೇಮಕದ ನಿಯಮ, ಮದುವೆಯ ಸಂಬಂಧ ಎಷ್ಟು ತಲೆಮಾರು ದೂರ ಇರಬೇಕು ಅನ್ನುವ ಲೆಕ್ಕ, ಇವು ಮನುಷ್ಯರು ಮಾಡಿದ್ದು, ಸಡಿಲಿಸಬಹುದು. ಲಾರೆಂಟಿಯಸ್ ಹಿಸ್ಪಾನಸ್ ಅನ್ನುವ ಸ್ಪೇನಿನ ಪಂಡಿತ ಇನ್ನೂ ಮುಂದೆ ಹೋಗಿ, ಪೋಪ್‌ನ ಇಷ್ಟವೇ ಕಾರಣ, ಯಾಕೆ ಹೀಗೆ ಮಾಡುತ್ತೀಯ ಅಂತ ಕೇಳುವವರು ಈ ಲೋಕದಲ್ಲಿ ಯಾರೂ ಇಲ್ಲ ಎಂದ. ಕೇಳಿದರೆ ಮೈ ಜುಂ ಅನ್ನುತ್ತದೆ. ಆದರೆ ಅದೇ ಉಸಿರಿನಲ್ಲಿ ಆ ಅಧಿಕಾರವನ್ನು ಎಲ್ಲರ ಒಳಿತಿಗೆ ಬಳಸಬೇಕಾದ್ದು ಅವನ ಕರ್ತವ್ಯ ಎಂದೂ ಸೇರಿಸಿದ. ಪರೀಕ್ಷೆಯಲ್ಲಿ ಮೊದಲ ಅರ್ಧ ಬರೆದು ಎರಡನೆಯ ಅರ್ಧ ಬಿಡಬೇಡಿ. ಹಾಗೆ ಬಿಟ್ಟು ಬರೆದ ಪುಸ್ತಕಗಳು ಜಾಸ್ತಿ ಇವೆ.

ಈ ಕರ್ತವ್ಯದ ಮಾತು ಬಾಯುಪಚಾರ ಅಷ್ಟೇನಾ? ಒಂದು ಪ್ರಸಂಗ ಹೇಳುತ್ತೇನೆ, ಇಡೀ ವಿಷಯಕ್ಕೆ ಇದರಷ್ಟು ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಲಿಂಕನ್‌ನಲ್ಲಿ ರಾಬರ್ಟ್ ಗ್ರೋಸ್‌ಟೆಸ್ಟ್ ಅಂತ ಬಿಷಪ್ ಇದ್ದ. ಬಡ ಮನೆಯಿಂದ ಬಂದವನು, ಬೆಳಕಿನ ಬಗ್ಗೆ, ಕಾಮನಬಿಲ್ಲಿನ ಬಗ್ಗೆ ಬರೆದ ದೊಡ್ಡ ಪಂಡಿತ, ಪೋಪ್‌ನ ಪೂರ್ಣಾಧಿಕಾರವನ್ನು ಮನಸಾರೆ ಒಪ್ಪಿದವನು. 1253ರಲ್ಲಿ ಪೋಪ್ 4ನೇ ಇನ್ನೊಸೆಂಟ್ ಕಡೆಯಿಂದ ಆದೇಶ ಬಂತು: ಲಿಂಕನ್ ಕ್ಯಾಥೆಡ್ರಲ್‌ನಲ್ಲಿ ಆದಾಯ ಬರುವ ಒಂದು ಹುದ್ದೆಯನ್ನು ನನ್ನ ಸೋದರಳಿಯ ಫೆಡೆರಿಕೊಗೆ ಕೊಡಿ. ಹುಡುಗ ಇಟಲಿಯವನು. ಲಿಂಕನ್‌ಗೆ ಬಂದು ಜನರ ಕಷ್ಟ ಕೇಳುವುದು, ಪಾಪನಿವೇದನೆ ಕೇಳುವುದು ಇದೆಲ್ಲ ಆಗದ ಮಾತು. ದುಡ್ಡು ಮಾತ್ರ ಹೋಗುತ್ತದೆ. ಆದೇಶದಲ್ಲಿ ‘ಇದಕ್ಕೆ ವಿರುದ್ಧವಾದ ಯಾವ ನಿಯಮ ಇದ್ದರೂ ಅದನ್ನು ಲೆಕ್ಕಿಸದೆ’ ಅನ್ನುವ ಸಾಲುಗಳ ಸುರಿಮಳೆ ಬೇರೆ.

ಮುದುಕ ಗ್ರೋಸ್‌ಟೆಸ್ಟ್ ಉತ್ತರ ಬರೆದ. ಪೋಪ್‌ಗೆ ಅಧಿಕಾರ ಇಲ್ಲ ಎಂದು ಬರೆಯಲಿಲ್ಲ, ಅಲ್ಲೇ ಇರುವುದು ಜಾಣತನ. ಪೋಪ್ ಪೀಠಕ್ಕೆ ಪೂರ್ಣಾಧಿಕಾರ ಇದೆ, ಅದು ಇರುವುದು ಕಟ್ಟಲಿಕ್ಕೆ, ಕೆಡವಲಿಕ್ಕಲ್ಲ. ಇದು ಪೌಲನೇ ಕೊರಿಂಥದವರಿಗೆ ಬರೆದ ಮಾತು. ಕುರಿಗಳನ್ನು ಕಾಯದವನಿಗೆ ಕುರುಬನ ಸಂಬಳ ಕೊಡುವುದು ಕೆಡವುವ ಕೆಲಸ. ಆದ್ದರಿಂದ ಈ ಆದೇಶ ನಿಜವಾದ ಪೋಪ್ ಪೀಠದಿಂದ ಬಂದಿರಲು ಸಾಧ್ಯವೇ ಇಲ್ಲ. ಹೀಗೆ ವಾದ ಕಟ್ಟಿ ಕೊನೆಗೆ ಬರೆದ: ಮಗನಾಗಿ, ವಿಧೇಯನಾಗಿ, ನಾನು ಪಾಲಿಸುವುದಿಲ್ಲ, ಎದುರು ಹೇಳುತ್ತೇನೆ, ದಂಗೆ ಏಳುತ್ತೇನೆ. ವಿಧೇಯನಾಗಿ ದಂಗೆ! ಪೋಪ್‌ಗೆ ಕೆಂಡದಂಥ ಸಿಟ್ಟು ಬಂತು, ಅವನ ಹಿರಿಯ ಸಲಹೆಗಾರರಾದ ಕಾರ್ಡಿನಲ್‌ಗಳು ಸಮಾಧಾನ ಮಾಡಿದರು ಎಂದು ಆ ಕಾಲದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಬರೆದಿದ್ದಾನೆ. ಮ್ಯಾಥ್ಯೂಗೆ ಮಸಾಲೆ ಹಾಕುವ ಚಾಳಿ ಇತ್ತು, ಅಷ್ಟು ಕಳೆದು ಓದಿಕೊಳ್ಳಿ. ಅದೇ ವರ್ಷ ಗ್ರೋಸ್‌ಟೆಸ್ಟ್ ತೀರಿಕೊಂಡ, ಬಿಷಪ್ ಆಗಿಯೇ.

ಆದರೂ ಹುದ್ದೆ ಹಂಚುವುದು ನಿಲ್ಲಲಿಲ್ಲ, ಬೆಳೆಯಿತು. 1265ರಲ್ಲಿ 4ನೇ ಕ್ಲೆಮೆಂಟ್ ಎಲ್ಲ ಚರ್ಚ್ ಹುದ್ದೆಗಳ ವಿಲೇವಾರಿಯೂ ಮೂಲತಃ ಪೋಪ್‌ನದೇ ಅಂದ. ಆ ಪತ್ರದಲ್ಲಿ ನಿಜವಾಗಿ ತೆಗೆದುಕೊಂಡದ್ದು ಪೋಪ್ ಆಸ್ಥಾನದಲ್ಲಿದ್ದಾಗ ತೀರಿಕೊಂಡವರ ಹುದ್ದೆಗಳನ್ನು ಮಾತ್ರ. ಘೋಷಣೆ ಆಕಾಶದಷ್ಟು, ಆಚರಣೆ ಅಂಗೈಯಷ್ಟು. ಮುಂದಿನ ಪೋಪ್‌ಗಳು ಅಂಗೈಯನ್ನು ಅಗಲ ಮಾಡುತ್ತ ಹೋದರು.

ಈಗ ರಾಜರ ವಿಷಯ, ನಿಮ್ಮ ಎರಡನೆಯ ಪ್ರಶ್ನೆ. ಇನ್ನೊಸೆಂಟ್ ಕಾಲದಲ್ಲೇ ನೋಡಿ. ಫ್ರಾನ್ಸಿನ ರಾಜ ಫಿಲಿಪ್ ಆಗಸ್ಟಸ್ 1193ರಲ್ಲಿ ಡೆನ್ಮಾರ್ಕ್‌ನ ಇಂಗೆಬೋರ್ಗ್‌ಳನ್ನು ಮದುವೆಯಾದ, ಮರುದಿನವೇ ಬೇಡ ಅಂದ. ಪೋಪ್ ಕೇಳಿದ, ಬೆದರಿಸಿದ, 1200ರಲ್ಲಿ ರಾಜನ ಸೀಮೆಯ ಚರ್ಚ್‌ಗಳಲ್ಲಿ ಪೂಜೆಯನ್ನೇ ನಿಲ್ಲಿಸಿದ. ಅವಳಿಗೆ ರಾಣಿಯ ಸ್ಥಾನ ಮತ್ತೆ ಸಿಕ್ಕಿದ್ದು 1213ರಲ್ಲಿ, ಅದೂ ಫಿಲಿಪ್‌ಗೆ ಇಂಗ್ಲೆಂಡಿನ ಮೇಲೆ ಯುದ್ಧದ ಲೆಕ್ಕಾಚಾರ ಇದ್ದಾಗ. ಆ ಹೆಂಗಸು 20 ವರ್ಷ ಕಾದಳು. ಕ್ರುಸೇಡ್‌ಗೆ ಹೊರಟ ಸೈನ್ಯಕ್ಕೆ ಕ್ರೈಸ್ತರ ಊರಾದ ಝಾರಾವನ್ನು ಮುಟ್ಟಬೇಡಿ ಅಂತ ಇನ್ನೊಸೆಂಟ್ ಕಟ್ಟಪ್ಪಣೆ ಮಾಡಿದ. 1202ರಲ್ಲಿ ಮುಟ್ಟಿದರು, 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಅನ್ನೇ ಲೂಟಿ ಮಾಡಿದರು. 1215ರ ಆಗಸ್ಟ್‌ನಲ್ಲಿ ಇನ್ನೊಸೆಂಟ್, ಇಂಗ್ಲೆಂಡಿನ ರಾಜನಿಗೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾವನ್ನು ರದ್ದು ಮಾಡಿದ. ಇಂಗ್ಲೆಂಡಿನ ಜಮೀನುದಾರರು ಕಿವಿಗೇ ಹಾಕಿಕೊಳ್ಳಲಿಲ್ಲ. ಗೆದ್ದದ್ದೂ ಇದೆ: ಜಾನ್ ರಾಜ 1213ರಲ್ಲಿ ತನ್ನ ರಾಜ್ಯವನ್ನೇ ಪೋಪ್‌ಗೆ ಒಪ್ಪಿಸಿ ಮತ್ತೆ ಅವನ ಕೈಯಿಂದ ಪಡೆದ. ಆದರೆ ಜಾನ್‌ಗೆ ಆಗ ಬೇರೆ ದಾರಿ ಇರಲಿಲ್ಲ, ಮನೆಯ ಒಳಗೂ ಹೊರಗೂ ಶತ್ರುಗಳು. ರಾಜನಿಗೆ ಪೋಪ್ ಬೇಕಾಗಿದ್ದಾಗ ಪೂರ್ಣಾಧಿಕಾರ ಕೆಲಸ ಮಾಡಿತು ಅಂತ ಇಟ್ಟುಕೊಳ್ಳಿ, ಹೆಚ್ಚು ತಪ್ಪಾಗುವುದಿಲ್ಲ.

1303ರ ಹೊತ್ತಿಗೆ 8ನೇ ಬೊನಿಫೇಸ್ ಪೋಪ್, 4ನೇ ಫಿಲಿಪ್ ಫ್ರಾನ್ಸಿನ ರಾಜ. ಪಾದ್ರಿಗಳ ಮೇಲೆ ರಾಜ ತೆರಿಗೆ ಹಾಕಬಹುದೇ ಎಂದು 1296ರಲ್ಲಿ ಶುರುವಾದ ಜಗಳ. ಬೊನಿಫೇಸ್ ಕಡೆ ನಿಂತು ಬರೆದವರಲ್ಲಿ ಮುಖ್ಯನಾದವನು ರೋಮ್‌ನ ಗೈಲ್ಸ್. ಹಿಂದೆ ಇದೇ ಫಿಲಿಪ್ ರಾಜಕುಮಾರನಾಗಿದ್ದಾಗ ಅವನಿಗೆಂದೇ ಆಡಳಿತದ ಬಗ್ಗೆ ಪುಸ್ತಕ ಬರೆದುಕೊಟ್ಟವನೂ ಇವನೇ! ಪೂರ್ಣಾಧಿಕಾರಕ್ಕೆ ಅತಿ ಸ್ಪಷ್ಟವಾದ ವಿವರಣೆ ಕೊಟ್ಟದ್ದು ಗೈಲ್ಸ್. ನಡುವಿನವರ ಮೂಲಕ ಮಾಡಬಲ್ಲದ್ದನ್ನೆಲ್ಲ ನಡುವಿನವರಿಲ್ಲದೆಯೂ ಮಾಡಬಲ್ಲವನಿಗೆ ಪೂರ್ಣಾಧಿಕಾರ ಇದೆ ಅಂತ ಅರ್ಥ. ದೇವರು ಸಾಮಾನ್ಯವಾಗಿ ಕುದುರೆಯಿಂದ ಕುದುರೆ ಹುಟ್ಟಿಸುತ್ತಾನೆ, ಮನಸ್ಸು ಮಾಡಿದರೆ ಕುದುರೆ ಇಲ್ಲದೆಯೂ ಕುದುರೆ ಹುಟ್ಟಿಸಬಲ್ಲ. ಹಾಗೇ ಬಿಷಪ್‌ನನ್ನು ಸ್ಥಳೀಯ ಪಾದ್ರಿಗಳ ಮಂಡಳಿ ಚುನಾಯಿಸುತ್ತದೆ, ಪೋಪ್ ಮನಸ್ಸು ಮಾಡಿದರೆ ಚುನಾವಣೆ ಇಲ್ಲದೆ ನೇಮಿಸಬಲ್ಲ. ಅದೇ ಗೈಲ್ಸ್ ಮುಂದುವರಿದು, ಪೋಪ್‌ಗೆ ಬೇರೆಯವರು ಹಾಕುವ ಕಡಿವಾಣ ಇಲ್ಲ, ಅದಕ್ಕೇ ಅವನು ತನಗೆ ತಾನೇ ಕಡಿವಾಣ ಹಾಕಿಕೊಳ್ಳಬೇಕು ಎನ್ನುತ್ತಾನೆ. ಕೆಲವು ದಶಕ ಕಳೆದು ಬಂದ ಆಗಸ್ಟಿನಸ್ ಟ್ರಯಂಫಸ್‌ನಂತೂ ಎಲ್ಲ ದಾಟಿಬಿಟ್ಟ: ತನ್ನ ಅಧಿಕಾರದಿಂದ ಏನೇನು ಮಾಡಬಹುದು ಅನ್ನುವುದು ಪೋಪ್‌ಗೇ ಪೂರ್ತಿ ತಿಳಿದಿರಲು ಸಾಧ್ಯವಿಲ್ಲವಂತೆ.

1302ರ ನವೆಂಬರ್‌ನಲ್ಲಿ ಬೊನಿಫೇಸ್ ‘ಊನಾಂ ಸಾಂಕ್ಟಾಂ’ ಎಂಬ ಆಜ್ಞಾಪತ್ರ ಹೊರಡಿಸಿದ. ಮೋಕ್ಷ ಬೇಕಾದ ಪ್ರತಿ ಮನುಷ್ಯನೂ ಪೋಪ್‌ಗೆ ಅಧೀನನಾಗಿರಲೇಬೇಕು ಎಂದು ಅದು ಮುಗಿಯುತ್ತದೆ. ಮುಂದಿನ ಸೆಪ್ಟೆಂಬರ್ 7ಕ್ಕೆ ಫಿಲಿಪ್‌ನ ಮಂತ್ರಿ ನೊಗಾರೆ, ಬೊನಿಫೇಸ್‌ನ ವೈರಿ ಸ್ಕಿಯಾರಾ ಕೊಲೊನ್ನಾ ಜೊತೆ, ಪೋಪ್ ತಂಗಿದ್ದ ಇಟಲಿಯ ಅನಾಗ್ನಿ ಊರಿಗೆ ಸೈನಿಕರನ್ನು ನುಗ್ಗಿಸಿ ಪೋಪ್‌ನನ್ನು ಸೆರೆ ಹಿಡಿದರು. ಕೆನ್ನೆಗೆ ಹೊಡೆದರು ಅನ್ನುವ ಕಥೆಗೆ ಗಟ್ಟಿ ಸಾಕ್ಷಿ ಇಲ್ಲ. ಊರಿನವರೇ ಎದ್ದು ಬಿಡಿಸಿದರು. ಅಕ್ಟೋಬರ್ 11ಕ್ಕೆ ಅವನು ರೋಮ್‌ನಲ್ಲಿ ಸತ್ತ. ಫಿಲಿಪ್ ಹತ್ತಿರ ಸೈನ್ಯ ಇತ್ತು, ತೆರಿಗೆ ಇತ್ತು, ಮುಖ್ಯವಾಗಿ ಫ್ರಾನ್ಸಿನ ಬಹುಪಾಲು ಬಿಷಪ್‌ಗಳೇ ಅವನ ಕಡೆ ವಾಲಿದ್ದರು. ಪೂರ್ಣಾಧಿಕಾರ ಬಿಷಪ್‌ಗಳ ಮೂಲಕ ಹರಿಯಬೇಕಾದದ್ದು, ಆ ಕಾಲುವೆಯೇ ಮುಚ್ಚಿದರೆ ಏನು ಮಾಡುವುದು?

ಇದರ ಮೇಲೆ ಸೈದ್ಧಾಂತಿಕ ದಾಳಿಯೂ ಬಂತು. ಪಾದುವಾದ ಮಾರ್ಸಿಲಿಯಸ್ 1324ರಲ್ಲಿ ಮುಗಿಸಿದ ಪುಸ್ತಕದಲ್ಲಿ ಯುರೋಪಿನ, ಅದರಲ್ಲೂ ಇಟಲಿಯ ಅಶಾಂತಿಗೆಲ್ಲ ಈ ಒಂದು ಹಕ್ಕೊತ್ತಾಯವೇ ಮೂಲ ಅಂದ. ಆತ್ಮಗಳ ಆರೈಕೆ ಅಂತ ಶುರುವಾಗಿ, ಪಾದ್ರಿಗಳ ಮೇಲಿನ ಅಧಿಕಾರವಾಗಿ, ಆಮೇಲೆ ರಾಜರ ಮೇಲಿನ ಅಧಿಕಾರವಾಗಿ ಅದು ಮೆಟ್ಟಿಲು ಮೆಟ್ಟಿಲು ಏರಿದ್ದನ್ನು ಅವನು ಬಿಡಿಸಿ ತೋರಿಸಿದ. ಓಕಮ್‌ನ ವಿಲಿಯಂ ಬೇರೆ ದಾರಿ ಹಿಡಿದ. ಕ್ರಿಸ್ತನ ಧರ್ಮ ಬಿಡುಗಡೆಯ ಧರ್ಮ, ಪೋಪ್ ಏನು ಬೇಕಾದರೂ ಆಜ್ಞೆ ಮಾಡಬಹುದು ಅಂದರೆ ಕ್ರೈಸ್ತರೆಲ್ಲ ಗುಲಾಮರಾಗುತ್ತಾರೆ, ಆದ್ದರಿಂದ ಆ ಅರ್ಥದ ಪೂರ್ಣತೆ ಧರ್ಮಕ್ಕೇ ವಿರುದ್ಧ. ನನಗೆ ಮಾರ್ಸಿಲಿಯಸ್‌ಗಿಂತ ಓಕಮ್ ಹೆಚ್ಚು ಒಪ್ಪಿಗೆಯಾಗುತ್ತಾನೆ. ಮಾರ್ಸಿಲಿಯಸ್ ಪೋಪ್‌ನಿಂದ ಕಿತ್ತುಕೊಂಡದ್ದನ್ನೆಲ್ಲ ಕೊನೆಗೆ ದೊರೆಗಳ ಕೈಗೇ ಕೊಡುತ್ತಾನೆ.

1378ರಿಂದ ಇನ್ನೂ ವಿಚಿತ್ರ ಪರಿಸ್ಥಿತಿ. ಇಬ್ಬರು ಪೋಪ್‌ಗಳು, 1409ರ ನಂತರ ಮೂವರು. ಮೂವರಿಗೂ ಪೂರ್ಣಾಧಿಕಾರ ಇದೆಯಂತೆ! ಮೂವರೂ ಪರಸ್ಪರ ಬಹಿಷ್ಕಾರ ಹಾಕಿದರು. ಪೂರ್ಣತೆ ನಿಜವಾಗಿ ಇರುವುದು ಇಡೀ ಚರ್ಚ್‌ನಲ್ಲಿ, ಪೋಪ್ ಅದನ್ನು ನಡೆಸುವವನು ಮಾತ್ರ ಎನ್ನುವ ವಾದಕ್ಕೆ ಆಗ ಬಲ ಬಂತು. ಝಬರೆಲ್ಲಾ, ಜರ್ಸನ್‌ರಂಥ ಚರ್ಚ್ ಪಂಡಿತರು ಇದನ್ನು ಬರೆದರು. ಕಾನ್‌ಸ್ಟೆನ್ಸ್ ಮಹಾಸಭೆ 1415ರ ಏಪ್ರಿಲ್ 6ರಂದು, ನಮ್ಮ ಅಧಿಕಾರ ನೇರವಾಗಿ ಕ್ರಿಸ್ತನಿಂದ ಬಂದದ್ದು, ಪೋಪ್ ಆದರೂ ಪಾಲಿಸಬೇಕು ಎಂದು ನಿರ್ಣಯಿಸಿತು. ಒಬ್ಬ ರಾಜೀನಾಮೆ ಕೊಟ್ಟ, ಇಬ್ಬರನ್ನು ತೆಗೆದುಹಾಕಿದರು, 1417ರಲ್ಲಿ 5ನೇ ಮಾರ್ಟಿನ್ ಆಯ್ಕೆಯಾದ. ಬಿಕ್ಕಟ್ಟು ಮುಗಿದ ಮೇಲೆ ಪೋಪ್‌ಗಳು ಆ ನಿರ್ಣಯವನ್ನು ಮೆಲ್ಲಗೆ ಬದಿಗೆ ಸರಿಸಿದರು ಅನ್ನಿ.

ನಮ್ಮ ಕರಾವಳಿಗೂ ಇದರ ಎಳೆ ಬಂದಿದೆ. 1493ರಲ್ಲಿ 6ನೇ ಅಲೆಕ್ಸಾಂಡರ್ ಅಟ್ಲಾಂಟಿಕ್ ಸಾಗರದಲ್ಲಿ ಗೆರೆ ಎಳೆದು ಪಶ್ಚಿಮದ ನೆಲವನ್ನು ಸ್ಪೇನಿಗೆ ಕೊಟ್ಟಾಗ, ಆ ಪತ್ರದಲ್ಲಿ ಕೊಡುವುದು ‘ನಮ್ಮ ಪೂರ್ಣಾಧಿಕಾರದಿಂದ’ ಎಂದೇ ಬರೆದಿತ್ತು. ಮರುವರ್ಷ ಸ್ಪೇನ್, ಪೋರ್ಚುಗಲ್ ತಾವೇ ಕೂತು ಆ ಗೆರೆಯನ್ನು ಬೇರೆ ಕಡೆ ಸರಿಸಿಕೊಂಡವು! ಇಂಥವೇ ಪೋಪ್ ಪತ್ರಗಳ ಸರಣಿಯಿಂದ ಪೋರ್ಚುಗಲ್ ರಾಜನಿಗೆ ಪೂರ್ವದ ಚರ್ಚ್‌ಗಳ ಬಿಷಪ್‌ಗಳನ್ನು ಸೂಚಿಸುವ ‘ಪದ್ರುವಾದು’ ಹಕ್ಕು ಸಿಕ್ಕಿತು. 1534ರಲ್ಲಿ ಗೋವಾ ಬಿಷಪ್ ಪೀಠವಾಯಿತು, ಮಂಗಳೂರು ಕಡೆಯ ಕ್ಯಾಥೊಲಿಕರು ಬಹುಕಾಲ ಅದರ ಕೆಳಗಿದ್ದರು. ಆಮೇಲೆ ರೋಮ್ ನೇರವಾಗಿ ತನ್ನ ಪ್ರತಿನಿಧಿಗಳನ್ನು ಕಳಿಸಲು ಶುರು ಮಾಡಿದಾಗ, ಕೊಟ್ಟ ಹಕ್ಕನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂಬ ಜಗಳ ಇಲ್ಲೇ ಹತ್ತಿತು. ಆ ಕಥೆ ದೊಡ್ಡದು, ಇನ್ನೊಮ್ಮೆ ಕೇಳಿ.

ಈಗಲೂ ಇದೆಯಾ ಅಂದಿರಿ. ಇದೆ. 1870ರ ಮೊದಲ ವ್ಯಾಟಿಕನ್ ಮಹಾಸಭೆ ಪೋಪ್‌ಗೆ ಈ ಅಧಿಕಾರದ ಮುಖ್ಯ ಭಾಗ ಮಾತ್ರ ಇದೆ ಅನ್ನುವವರನ್ನು ಖಂಡಿಸಿ, ಇಡೀ ಪೂರ್ಣತೆಯೇ ಅವನದು ಎಂದಿತು. 1964ರಲ್ಲಿ ಎರಡನೆಯ ಮಹಾಸಭೆ ಪೋಪ್ ಜೊತೆ ಸೇರಿದ ಬಿಷಪ್‌ಗಳ ಸಮೂಹಕ್ಕೂ ಅದೇ ಪೂರ್ಣಾಧಿಕಾರ ಇದೆ ಅಂತ ಸೇರಿಸಿತು. ಎರಡು ಕಡೆ ಒಂದೇ ಪೂರ್ಣತೆ ಹೇಗೆ ಇರುತ್ತದೆ ಅಂತ ದೈವಶಾಸ್ತ್ರಜ್ಞರು ಇನ್ನೂ ಕಿತ್ತಾಡುತ್ತಿದ್ದಾರೆ. 1983ರ ಚರ್ಚ್ ಕಾನೂನಿನ 331ನೇ ವಿಧಿ ಪೋಪ್‌ಗೆ ಸರ್ವೋಚ್ಚ, ಪೂರ್ಣ, ನೇರ ಮತ್ತು ಸಾರ್ವತ್ರಿಕ ಅಧಿಕಾರ ಇದೆ ಅನ್ನುತ್ತದೆ. ಅವನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಇದಕ್ಕೆ ಸೇರಿದ ಹಳೆಯ ಚರ್ಚೆ ಒಂದು ಉಳಿದಿದೆ: ಇಷ್ಟು ಪೂರ್ಣ ಅಧಿಕಾರವನ್ನು ಪೋಪ್ ಬಿಟ್ಟು ಹೋಗಬಹುದೇ? 1294ರಲ್ಲಿ ಬೆಟ್ಟದಲ್ಲಿ ತಪಸ್ಸು ಮಾಡುತ್ತಿದ್ದ ಮುದುಕನೊಬ್ಬನನ್ನು ಕರೆತಂದು 5ನೇ ಸೆಲೆಸ್ಟೈನ್ ಎಂದು ಪೋಪ್ ಮಾಡಿದರು. ಕೇಳಿದವರಿಗೆಲ್ಲ ಕೇಳಿದ್ದನ್ನು ಕೊಟ್ಟ, ಒಂದೇ ಹುದ್ದೆಯನ್ನು ಹಲವರಿಗೆ ಕೊಟ್ಟ. ಅವನು ಪೂರ್ಣಾಧಿಕಾರದಿಂದ ಮಾಡಿದ್ದಕ್ಕಿಂತ ಪೂರ್ಣ ಮುಗ್ಧತೆಯಿಂದ ಮಾಡಿದ್ದೇ ಹೆಚ್ಚು ಅಂತ ಜಿನೋವಾದ ಆರ್ಚ್‌ಬಿಷಪ್ ಯಾಕೊಪೊ ಚುಚ್ಚಿ ಬರೆದ. ಡಿಸೆಂಬರ್ 13ಕ್ಕೆ ಸೆಲೆಸ್ಟೈನ್ ಪದವಿ ಬಿಟ್ಟ. ನಂತರ ಬಂದವನೇ ನಮ್ಮ ಬೊನಿಫೇಸ್. ಪೋಪ್ ರಾಜೀನಾಮೆ ಕೊಡುವಂತಿಲ್ಲ, ಆದ್ದರಿಂದ ನೀನು ಪೋಪ್ ಅಲ್ಲ ಎಂದು ಅವನ ವೈರಿಗಳು ಎದ್ದರು. ಬೊನಿಫೇಸ್ 1298ರ ಕಾನೂನು ಸಂಗ್ರಹದಲ್ಲಿ ಪೋಪ್ ಸ್ವಇಚ್ಛೆಯಿಂದ ಬಿಡಬಹುದು ಎಂದು ಬರೆಸಿ ಬಾಯಿ ಮುಚ್ಚಿಸಿದ. ಇಂದಿನ 332ನೇ ವಿಧಿಯಲ್ಲೂ ಅದೇ ಇದೆ: ರಾಜೀನಾಮೆ ಸ್ವತಂತ್ರವಾಗಿ ಕೊಟ್ಟಿರಬೇಕು, ಸರಿಯಾಗಿ ತಿಳಿಸಿರಬೇಕು, ಯಾರೂ ಅದನ್ನು ಅಂಗೀಕರಿಸಬೇಕಾಗಿಲ್ಲ. 2013ರ ಫೆಬ್ರವರಿ 28ರಂದು 16ನೇ ಬೆನೆಡಿಕ್ಟ್ ಪದವಿಯಿಂದ ಇಳಿದದ್ದು ಈ ನಿಯಮದ ಪ್ರಕಾರವೇ.